ಕೊಟ್ಟ ಮಾತು

ತಮ್ಮಾ,

ನೀನು ತೀರಿಕೊಂಡು ಮೂರು ತಿಂಗಳಾದ ಮೇಲೆ, ಇವತ್ತು ಸಂಜೆ ನಿನ್ನ ತಂಡದ ಹಾಸ್ಯದಾಟಕ್ಕೆ ಹೋಗಿದ್ದೆ. ಜನರನ್ನು ನಗಿಸಲು ಬರೆದು, ಕುಣಿದು ಹೊಟ್ಟೆ ಹೊರೆಯುವುದು ದೇವರು ಮೆಚ್ಚುವ ಕೆಲಸವಲ್ಲ ಎಂದು ಇಪ್ಪತ್ತು ವರ್ಷ ನಿನಗೆ ಹೇಳಿದವಳು ನಾನು. ಆದರೂ ಪ್ರತಿ ಆಟಕ್ಕೆ ಮುಂಚೆ ನೀನು ಫೋನ್ ಮಾಡಿ, "ಅಕ್ಕಾ, ಈ ಸಲನಾದ್ರೂ ಬಾ. ಮಾತು ಕೊಡು" ಎನ್ನುತ್ತಿದ್ದೆ. "ಬರ್ತೀನಿ ಕಣೋ" ಎಂದು ನಾನು ಫೋನ್ ಇಡುತ್ತಿದ್ದೆ.

ಸಣ್ಣ ಹಾಲ್, ಮಡಚುವ ಕುರ್ಚಿಗಳು. ನಿನ್ನ ಜೊತೆ ಆಡುತ್ತಿದ್ದ ಬೋಳುತಲೆಯವನು ನೇರ ನನ್ನ ಮುಂದೆ ಬಂದು, "ಅಮ್ಮಾ, ಒಂದು ಮಾತು ಕೊಡಿ" ಎಂದ. ಜನ ಕೊಟ್ಟ ಪದದ ಮೇಲೆ ನೀವು ಅಲ್ಲೇ ಆಟ ಕಟ್ಟುತ್ತೀರೆಂದು ನನಗೇನು ಗೊತ್ತು? ಬಾಯಿಗೆ ಅಭ್ಯಾಸವಾದದ್ದೇ ಬಂತು: "ಬರ್ತೀನಿ."

"ಬಂದಾಗಿದೆಯಲ್ಲಮ್ಮಾ!" ಎಂದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ, "ಬರ್ತೀನಿ, ಬರ್ತೀನಿ" ಎಂದು ಹೊರಟು, ಬಾಗಿಲಿಂದಲೇ ವಾಪಸಾಗಿ ಊಟ ಮುಗಿಸಿ ಮಲಗಿಬಿಡುವ ನೆಂಟನ ಆಟ ಆಡಿದರು. ನಾನೂ ನಕ್ಕೆ, ತಮ್ಮಾ. ದೇವರು ಸಿಟ್ಟಾದಂತೇನೂ ಅನಿಸಲಿಲ್ಲ.

ಮುಗಿದ ಮೇಲೆ ಆ ಬೋಳುತಲೆಯವನ ಬಳಿ ಹೋಗಿ ನಾನು ಯಾರೆಂದು ಹೇಳಿದೆ. ಅವನ ಮುಖ ಬಾಡಿತು. "ಶುರು ಮಾಡೋ ಮುಂಚೆ ನಿಮ್ಮ ತಮ್ಮ ಬಾಗಿಲ ಕಡೆ ನೋಡ್ತಾ ನಿಲ್ತಿದ್ದ. ಯಾಕೋ ಅಂದ್ರೆ, ಒಬ್ರು ಮಾತು ಕೊಟ್ಟಿದಾರೆ ಅಂತಿದ್ದ. ನಾವು ಅದನ್ನೂ ತಮಾಷೆ ಅಂದ್ಕೊಂಡಿದ್ವಿ."

ಮನೆಗೆ ಬಂದು ದೇವರ ಮುಂದೆ ಕೂತೆ. ಕೈ ಮುಗಿದೆ, ಏನೂ ಕೇಳಲಿಲ್ಲ. ಕೇಳಿದರೆ ಬದಲಿಗೆ ಒಂದು ಮಾತು ಕೊಡಬೇಕಲ್ಲ.