ಪಂಪಿಗೆ ಹಚ್ಚಿದ ಕುಂಕುಮ

ಆಹಾರ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ಕಾನಸೂರಿನ ಸುಬ್ಬಿ ಮಾಡುವ ಮುರುಗಲು ಹಣ್ಣಿನ ಶರಬತ್ತಿನಲ್ಲಿ ಕೃತಕ ಬಣ್ಣವಿದೆ ಎಂದು ನೀವು ಹೊರಡಿಸಿದ ಆದೇಶ ಸುಳ್ಳು. ಆ ಬಣ್ಣ ನಿಮ್ಮದು. ಇದನ್ನೇ ಹೇಳಲು ನಿಮ್ಮ ಕಚೇರಿಗೆ ಬಂದಾಗ ತಾವು ಊಟಕ್ಕೆ ಹೋಗಿದ್ದಿರಿ; ಸಂಜೆಯವರೆಗೂ ಉಣ್ಣುತ್ತಲೇ ಇದ್ದಿರಿ.

ನಾನು ಸಿದ್ದಾಪುರದಲ್ಲಿ ರಸಾಯನಶಾಸ್ತ್ರ ಕಲಿಸುವವಳು. ದ್ರವದಲ್ಲಿ ಬೆರೆತ ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಪುಟ್ಟ ಯಂತ್ರವೊಂದನ್ನು ಮಾಡಿದೆ. ಇಂಥ ಯಂತ್ರದಲ್ಲಿ ದುಬಾರಿಯಾದದ್ದು ಪಂಪು. ದಾರದಷ್ಟು ಸಣ್ಣ ಕೊಳವೆಯೊಳಗೆ ಅದು ದ್ರವವನ್ನು ಒಂದೇ ವೇಗದಲ್ಲಿ, ಎಡೆಬಿಡದೆ ತಳ್ಳಬೇಕು. ಕೆಟ್ಟ ಪ್ರಿಂಟರಿನ ಮೋಟಾರಿಗೆ ದನದ ಡಾಕ್ಟರ ಸಿರಿಂಜು ಜೋಡಿಸಿ ಆ ಕೆಲಸ ಮಾಡಿಸಿದೆ. ಇಷ್ಟು ಅಗ್ಗದ್ದನ್ನು ಸರ್ಕಾರ ಖರೀದಿಸುವುದುಂಟೆ ಎಂದು ನೀವು ಮೂಗು ಮುರಿದಿರಿ. ಪತ್ರಿಕೆಯವರು ಬರುತ್ತಾರೆಂದು ತಿಳಿದದ್ದೇ ಉದ್ಘಾಟನೆಗೆ ಓಡಿ ಬಂದಿರಿ.

ಬಂದವರು ಫೋಟೋ ತೆಗೆಸಿಕೊಂಡು ಹೋಗಬಹುದಿತ್ತು. ಪೂಜೆಯಾಗದೆ ಯಂತ್ರ ನಡೆಸುವುದೇ ಎಂದು ಪಂಪಿಗೆ ಅರಿಶಿನ ಬಳಿದಿರಿ. ಪಂಪು ಹೀರುವ ದ್ರವದ ಬಾಟಲಿ ತೆರೆದಿತ್ತು. ಅದರ ಬಾಯಿಗೂ ಧಾರಾಳವಾಗಿ ಕುಂಕುಮ ಹಚ್ಚಿದಿರಿ. "ಸರ್, ಒಳಗೆ ಬಿತ್ತಲ್ಲ," ಎಂದೆ. "ಒಳ್ಳೇದೇ ಆಯ್ತು ಬಿಡಮ್ಮ, ಶುಭ," ಎಂದಿರಿ. ಮೊದಲ ಪರೀಕ್ಷೆ ತನ್ನ ಶರಬತ್ತಿನದೇ ಆಗಲಿ ಎಂದು ಸುಬ್ಬಿ ಅಭಿಮಾನದಿಂದ ಬಾಟಲಿ ತಂದಿದ್ದಳು. ಪರದೆಯ ಮೇಲೆ ಬಟ್ಟೆಗೆ ಹಾಕುವ ಬಣ್ಣದ ಗೆರೆ ಎದ್ದಿತು. ಅಷ್ಟನ್ನೇ ನೋಡಿ ನೀವು ಆದೇಶ ಹೊರಡಿಸಿದಿರಿ. ನೀವು ಹೋದ ಮೇಲೆ ಬರೀ ನೀರು ಹಾಕಿದೆ, ಅದೇ ಗೆರೆ. ಎಲ್ಲ ತೊಳೆದು, ಹೊಸ ದ್ರವ ತುಂಬಿ ಮತ್ತೆ ಶರಬತ್ತು ಹಾಕಿದೆ, ಗೆರೆಯಿಲ್ಲ. ನಿಮ್ಮ ಕುಂಕುಮ ಹಾಕಿದೆ, ಗೆರೆ ಬಂತು.

ಖರೀದಿಸಲು ನಂಬಿಕೆ ಸಾಲದ ಯಂತ್ರ ಒಬ್ಬ ಹೆಂಗಸಿನ ಅನ್ನ ಕಸಿಯಲು ಹೇಗೆ ಸಾಕಾಯಿತು? ಮರುಪರೀಕ್ಷೆ ಎಂಬುದೊಂದಿದೆಯೆಂದು ನೆನಪಾಗಲಿಲ್ಲವೇ, ಅಥವಾ ಸನ್ಮಾನದ ಶಾಲು ಕಣ್ಣಿಗೆ ಅಡ್ಡ ಬಂದಿತ್ತೇ?

ನಿಮ್ಮ ಸಿಬ್ಬಂದಿ ಅವಳ ಬಾಟಲಿಗಳನ್ನೆಲ್ಲ ಅವಳ ಕೈಯಿಂದಲೇ ಗಟಾರಕ್ಕೆ ಸುರಿಸಿದರು. ಶಿರಸಿ, ಯಲ್ಲಾಪುರದ ಅಂಗಡಿಯವರು ಈಗ ಅವಳ ಫೋನು ಎತ್ತುವುದಿಲ್ಲ. ನಾನು ಹೋಗಿ ನಡೆದದ್ದು ಹೇಳಿದೆ. "ನಿಮ್ ಮಿಶಿನ್ ತಪ್ಪು ಹೇಳ್ತು ಅಂದಿದ್ರೆ ಒಬ್ರಾದ್ರೂ ನಂಬ್ತಿದ್ರು. ಸಾಹೇಬ್ರೇ ತಪ್ಪು ಮಾಡಿರು ಅಂದ್ರೆ ಯಾರ್ ನಂಬ್ತಾರೆ? ಎಂತ ಮಾಡದು ಅಮ್ಮ," ಎಂದಳು. ನನಗೆ ಅಳು ಬಂತು. ಅವಳು ಅಳಲಿಲ್ಲ.

ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕಾನಸೂರಿಗೆ ಬಂದು, ಆ ಅಂಗಡಿಯವರನ್ನೂ ಕರೆಸಿ, ಅವರ ಎದುರು ನಿಂತು, ‘ತಪ್ಪು ನನ್ನದು’ ಎಂದು ಬಾಯಿಬಿಟ್ಟು ಹೇಳಿ. ತಡ ಮಾಡಬೇಡಿ. ಸುಬ್ಬಿ ಸೋಮವಾರದಿಂದ ಶರಬತ್ತಿನ ಕಾರ್ಖಾನೆಯೊಂದರಲ್ಲಿ ಕೂಲಿಗೆ ಸೇರಿದ್ದಾಳೆ. ಅಲ್ಲಿ ಬಣ್ಣ ಕಲಸುವುದು ಅವಳ ಕೆಲಸ. ಆ ಕಾರ್ಖಾನೆಯ ಪರವಾನಗಿಗೆ ಸಹಿ ಹಾಕಿದವರು ನೀವೇ.

ಇಂತಿ,
ಸುಬ್ಬಿಗೆ ಇನ್ನು ಮುಖ ತೋರಿಸಲಾರದ,
ಪಂಪು ಮಾಡಿದವಳು
ಅಭಿಜ್ಞಾ, ಸಿದ್ದಾಪುರ