ಎಂಟನೆಯ ಪಟ್ಟಿ

ಜುಲೈ 28, ಭಾನುವಾರ. ಬೆಳಿಗ್ಗೆ 7

ಮಹಾಜನರೇ! ನೆರಳಲ್ಲಿ ಕೂತ ಹಿರಿಯರೇ, ಬಿಸಿಲಲ್ಲಿ ಬೆಂದ ತಾಯಂದಿರೇ, ಟಿಕೆಟ್ ಇಲ್ಲದೆ ಗೋಡೆ ಹತ್ತಿದ ಪುಂಡರೇ! ಕಿವಿ ಇತ್ತ ಕೊಡಿ!

ಕೇಳಿದ್ದು ಎರಡು ಕೋಳಿ. ಒಂದು ಎದ್ದು ಹೋಯಿತು.

ಗಂಟಲು ಪರವಾಗಿಲ್ಲ. ಶುಂಠಿ, ಬಿಸಿನೀರು, ಮೂರು ಸಲ ಹೂಂಕಾರ. ನಾಟಕ ಕಂಪನಿ ಕಲಿಸಿದ್ದು ಇಷ್ಟೇ. ಕಂಪನಿ ಮುಚ್ಚಿದ ಮೇಲೆ ನೇಕಾರರ ಊರಾದ ಇಸೇಯಿನ್‌ಗೆ ಬಂದೆ; ಇಸೇಯಿನ್ ವೀವರ್ಸ್ ಫುಟ್‌ಬಾಲ್ ಕ್ಲಬ್ಬು ಕೈಗೆ ಮೈಕು ಕೊಟ್ಟಿತು. 1998ರಿಂದ ಈಚೆಗೆ ಈ ಊರಲ್ಲಿ ಒಂದು ಪಂದ್ಯವೂ ನನ್ನ ದನಿಯಿಲ್ಲದೆ ಶುರುವಾದದ್ದಿಲ್ಲ.

ಈಗ ಮೊದಲ ದರ್ಜೆಯ ಲೀಗು! ಕ್ಲಬ್ಬು ಹುಟ್ಟಿದ ಐವತ್ಮೂರು ವರ್ಷಕ್ಕೆ! ಜೂನ್‌ನ ಆ ಎಂಬತ್ತೆಂಟನೇ ನಿಮಿಷದ ಗೋಲು ನೆನೆದರೆ ಇನ್ನೂ ಮೈ ಜುಂ ಅನ್ನುತ್ತದೆ. ಕ್ಲಬ್ಬಿನ ಅಧ್ಯಕ್ಷರಾದ ಅಲ್ಹಾಜಿ ಗನಿಯು ಕರೆಸಿದ್ದರು.

"ಬಾಬಾ ಮುದಾಶಿರು, ಆಗಸ್ಟ್ ಮೂವತ್ತೊಂದಕ್ಕೆ ಇಲ್ಲೇ ಮೊದಲ ಪಂದ್ಯ. ಕ್ಲಬ್ಬಿನ ಚರಿತ್ರೆ ಬರೀರಿ. ಮೈದಾನದಲ್ಲಿ ನೀವೇ ಓದ್ಬೇಕು. ನಮ್ಮಪ್ಪನ ಭಾಗ ಮಾತ್ರ ಚೂರೂ ಕಡಿಮೆ ಆಗಬಾರ್ದು, ನೋಡಿ."

ಕಡಿಮೆಯೇ? ನನ್ನ ಬಾಯಲ್ಲೇ?

ಜುಲೈ 30, ಮಂಗಳವಾರ

ಬರೆಯಲು ಕೂತೆ. ಬಾಯಿಪಾಠದ ಕಥೆ ಸರಾಗ ಇಳಿಯಿತು. 1971. ಏಳು ಯುವ ನೇಕಾರರು, ಒಂದು ಹರಕು ಚೆಂಡು. ನೇಕಾರರ ಕೂಟದ ಯಜಮಾನ ಬಾಬಾ ಅರೊವೊಲೊ, ಅಂದರೆ ಅಲ್ಹಾಜಿಯ ತಂದೆ, ಎದ್ದು ಗುಡುಗುತ್ತಾರೆ: "ಆಡಿ ಮಕ್ಕಳೇ! ನಿಮ್ಮ ಬಾವುಟ ನಮ್ಮ ಮಗ್ಗದ್ದು!" ಏಳು ಮಗ್ಗ, ಏಳು ಪಟ್ಟಿ, ಏಳೂ ಸೇರಿಸಿ ಹೊಲಿದು ಒಂದು ಬಾವುಟ. ಅದನ್ನು ಹೊತ್ತು ಓಯೋ ಊರಿಗೆ ನಡೆದು ಅಲ್ಲಿನ ದರ್ಜಿಗಳ ತಂಡವನ್ನು ಎರಡು-ಒಂದರಿಂದ ಮಣ್ಣು ಮುಕ್ಕಿಸಿದ್ದು...

ಪೆನ್ನು ನಿಂತಿತು. ಆ ಏಳು ಜನರ ಹೆಸರೇನು?

ಇಪ್ಪತ್ತಾರು ವರ್ಷ ಕೂಗಿದೆ. ಒಬ್ಬನ ಹೆಸರೂ ಗೊತ್ತಿಲ್ಲ!

ಆಗಸ್ಟ್ 2, ಶುಕ್ರವಾರ

ಮಸೀದಿಯಿಂದ ಬರುತ್ತ ಹಳಬರನ್ನು ಕೇಳಿದೆ. ಒಬ್ಬ ಐದು ಹೆಸರು ಹೇಳಿದ, ಇನ್ನೊಬ್ಬ ಹನ್ನೊಂದು. ಮೂರನೆಯವ ನಕ್ಕ: "ಏಳು ಅಂತ ನಮಗೆ ಹೇಳಿದ್ದೇ ನೀವಲ್ವಾ ಬಾಬಾ!"

ಹೌದೆ?

ನೆನಪು ಮಾಡಿಕೊಂಡೆ. 1998, ಮೈಕಿನ ಮೊದಲ ದಿನ. ಕ್ಲಬ್ಬು ಐದು ವರ್ಷ ಮುಚ್ಚಿ ಮತ್ತೆ ತೆರೆದಿತ್ತು. ಜನ ಸಪ್ಪಗಿದ್ದರು. ಕ್ಲಬ್ ಕಚೇರಿಯ ಗೋಡೆಯಲ್ಲಿ ಗಾಜಿನೊಳಗೆ ಹಳೇ ಬಾವುಟ. ದೂರದಿಂದ ನೀಲಿ, ಬಿಳಿ ಪಟ್ಟಿಗಳನ್ನು ಎಣಿಸಿದೆ, ಏಳು. ಮುಂದಿನ ಸಾಲಲ್ಲಿ ದೊಡ್ಡ ಪೇಟ ಸುತ್ತಿದ ವೃದ್ಧ ಯಜಮಾನ ಅರೊವೊಲೊ. ನಾಟಕಕ್ಕೆ ಒಬ್ಬ ನಾಯಕ ಬೇಕು. ಸಿಕ್ಕರು. ಬಾಯಿ ತಾನೇ ತೆರೆದುಕೊಂಡಿತು...

ಪಂದ್ಯ ಮುಗಿದ ಮೇಲೆ ಯಜಮಾನರು ಹೆಗಲ ಮೇಲೆ ಕೈಯಿಟ್ಟಿದ್ದರು. "ಚೆನ್ನಾಗಿತ್ತು ನಾಟಕ" ಅಂದಿದ್ದರು. ಹೊಗಳಿಕೆ ಅಂದುಕೊಂಡಿದ್ದೆ.

ಮರುವರ್ಷ ಕ್ಲಬ್ಬಿನ ಲಾಂಛನದಲ್ಲಿ ಏಳು ಪಟ್ಟಿ ಬಂತು. ಗೇಟಿಗೂ ಬಂತು. ಈಗ ಹೊಸ ಜರ್ಸಿಗೂ.

ಹಾಗಾದರೆ ಆ ಬಾವುಟ ನಿಜವಾಗಿ ಯಾರದು?

ಆಗಸ್ಟ್ 9, ಶುಕ್ರವಾರ. ಮಧ್ಯಾಹ್ನ 3

ಮೊದಲ ಪಂದ್ಯದ ದಿನದ ಮೆರವಣಿಗೆಗೆಂದು ಬಾವುಟದ ಚೌಕಟ್ಟಿಗೆ ಹೊಸ ಗಾಜು ಹಾಕಿಸುತ್ತಿದ್ದಾರೆ. ಬಟ್ಟೆ ಮೇಜಿನ ಮೇಲೆ ಬಿಡಿಯಾಗಿ ಬಿದ್ದಿದೆ ಅಂತ ಸುದ್ದಿ. ಬಾಬಾ ರಾವುಫುವನ್ನು ಎಳೆದುಕೊಂಡು ಹೋದೆ. ಅರವತ್ತು ವರ್ಷ ಮಗ್ಗದಲ್ಲಿ ಕೂತು ಬೆನ್ನು ಬಿಲ್ಲಾದ ಮನುಷ್ಯ. ಬಟ್ಟೆ ತಿರುವಿದ. ಬೆರಳಲ್ಲಿ ಉಜ್ಜಿದ. ಬಾಗಿಲ ಬೆಳಕಿಗೆ ಹಿಡಿದ.

"ಲೇ ನಾಟಕದವನೇ, ಹೊಲಿಗೆ ಎಲ್ಲಿ?"

"ಏನಂದ್ರಿ?"

"ಏಳು ಪಟ್ಟಿ ಸೇರಿಸಿ ಹೊಲಿದದ್ದು ಅಂತ ಬೊಬ್ಬೆ ಹೊಡೀತೀಯಲ್ಲ. ತೋರ್ಸು, ಎಲ್ಲಿ ಹೊಲಿದಿದಾರೆ?"

ಬಗ್ಗಿ ನೋಡಿದೆ. ಒಂದು ಟಾಕೂ ಇಲ್ಲ! ಬಣ್ಣ ಬದಲಾಗುತ್ತದೆ, ಬಟ್ಟೆ ಒಂದೇ. ಅಂಚಿನಿಂದ ಅಂಚಿನವರೆಗೆ ಒಂದೇ ಅಗಲವಾದ ನೇಯ್ಗೆ.

"ನಮ್ಮ ಗಂಡಸರ ಮಗ್ಗದಲ್ಲಿ ನಾಲ್ಕು ಬೆರಳಗಲದ ಪಟ್ಟಿ ಬಿಟ್ಟು ಬೇರೆ ಬರಲ್ಲ ಕಣೋ. ಅಗಲ ಬೇಕಂದ್ರೆ ಹೊಲೀಲೇಬೇಕು. ಇದು ಗೋಡೆಗೆ ನಿಲ್ಲಿಸೋ ಮಗ್ಗ. ಇದರ ಮುಂದೆ ಕೂರೋದು ಹೆಂಗಸ್ರು."

ಊರಿಗೂರೇ ನೇಕಾರರು. ಗಾಜಿನ ಹಿಂದೆ ಇಟ್ಟ ಮೇಲೆ ಯಾರೂ ಬಟ್ಟೆಯನ್ನು ಬಟ್ಟೆಯಂತೆ ನೋಡಿಲ್ಲ. ನನ್ನ ಮಾತನ್ನೇ ನೋಡಿದರು.

ಎಣಿಸಿದೆ. ಏಳಲ್ಲ. ಎಂಟು! ಎಂಟನೆಯದು ತುದಿಯಲ್ಲಿ, ಬೆರಳಗಲ, ದೊರಗು ನೂಲು, ಮಾಸಿದ ನೀಲಿ. ಚೌಕಟ್ಟಿನ ಮರದಡಿ ಅವಿತಿತ್ತು.

"ಯಾರು ನೇಯ್ದಿರಬಹುದು ಬಾಬಾ?"

ರಾವುಫು ಕೆಮ್ಮಿದ. ಚಪ್ಪಲಿ ಹುಡುಕಿದ. ಬಾಗಿಲಲ್ಲಿ ನಿಂತು, ತಿರುಗಿ ನೋಡದೆ ಅಂದ: "ಇಯಾ ಅಸಾನಾತು ಇನ್ನೂ ಬದುಕಿದಾಳೆ. ಮೈದಾನದ ಹಿಂದಿನ ಬೀದಿ. ನಾನು ಹೇಳಿದೆ ಅನ್ಬೇಡ."

ಯಾಕೆ ಅನ್ನಬಾರದು?

ಆಗಸ್ಟ್ 11, ಭಾನುವಾರ

ಹೋಗಿ ಬಂದೆ.

ಇಯಾ ಅಂದರೆ ತಾಯಿ; ಊರೆಲ್ಲ ಹಾಗೇ ಕರೆಯುವ ಅವಳಿಗೆ ಎಂಬತ್ತನಾಲ್ಕು ವರ್ಷ. ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣದು. ಹಿತ್ತಲಲ್ಲಿ ಓಗಿ ಅಂಬಲಿ ಕುಡಿಯುತ್ತಿದ್ದಳು. ಬಗ್ಗಿ ನೆಲ ಮುಟ್ಟಿ ನಮಸ್ಕರಿಸಿದೆ. "ಇಯಾ, ನಾನು..." ಅಂದದ್ದಷ್ಟೇ.

"ಗೊತ್ತು. ಮೈಕಿನವನು. ಕೂತ್ಕೋ ಮಗನೇ. ಮೆತ್ತಗೆ ಮಾತಾಡು, ಕಿವಿ ಚೆನ್ನಾಗಿದೆ ನಂಗೆ."

"ಪಂದ್ಯಕ್ಕೆ ಬರ್ತೀರಾ ಇಯಾ?"

"ಒಂದ್ಸಲ ಬಂದಿದ್ದೆ. ನೀನು ಮೊದಲನೇ ಸಲ ಕೂಗಿದ ದಿನ. ಅರ್ಧಕ್ಕೇ ಎದ್ದು ಬಂದೆ. ಆಮೇಲೆ ಯಾಕೆ ಬರ್ಲಿ? ನಿನ್ನ ಗಂಟಲು ಈ ಹಿತ್ತಲ ತನಕ ಬರುತ್ತಲ್ಲ. ಏಳು ಗಂಡಸ್ರು, ಏಳು ಪಟ್ಟಿ. ಚೆನ್ನಾಗೇ ಹೇಳ್ತೀಯ."

ರಂಗದ ಮೇಲೆ ಕೊಳೆತ ಟೊಮೇಟೊ ತಿಂದವನು ನಾನು. ಇಷ್ಟು ಪೆಟ್ಟಾಗಿರಲಿಲ್ಲ.

ಕೇಳಿದೆ. ಒಂದೊಂದೇ ಹೇಳಿದಳು. ಹುಡುಗರು ಮಗ್ಗ ಬಿಟ್ಟು ಚೆಂಡಿನ ಹಿಂದೆ ಓಡತೊಡಗಿದರಂತೆ. ಕೂಟಕ್ಕೆ ಸಿಟ್ಟು ಬಂತು. ಆ ತಂಡಕ್ಕೆ ಯಾವ ಗಂಡಸೂ ಒಂದು ಎಳೆ ನೂಲು ನೇಯಕೂಡದು ಅಂತ ಕಟ್ಟಪ್ಪಣೆ. ಅಪ್ಪಣೆ ಕೊಟ್ಟವರು ಯಜಮಾನ ಅರೊವೊಲೊ. ಹೌದು, ನನ್ನ ನಾಯಕ!

"ಹುಡುಗ್ರಲ್ಲಿ ನನ್ನ ತಮ್ಮನೂ ಒಬ್ಬ. ಬಾವುಟ ಇಲ್ದೆ ಓಯೋಗೆ ಹೋದ್ರೆ ಅಲ್ಲಿಯ ದರ್ಜಿಗಳು ಬೆತ್ತಲೆ ನೇಕಾರ್ರು ಬಂದ್ರು ಅಂತಾರೆ ಅಂತ ಅಳ್ತಿದ್ದ. ಗಂಡಸರು ನೇಯ್ಬಾರ್ದು ಅಂದಿದ್ರು. ನಾನು ಗಂಡಸಾ?"

ನಗುವಾಗ ಹಲ್ಲೇ ಇಲ್ಲ. ಎಷ್ಟು ಚೆಂದ.

"ಎಂಟು ಪಟ್ಟಿ ಯಾಕೆ ಇಯಾ? ಏನು ಅರ್ಥ?"

"ಅರ್ಥ ಏನ್ ಬಂತು? ಏಳಕ್ಕೆ ನೂಲು ಮುಗೀತು. ಕೋಲಿಗೆ ಕಟ್ಟೋಕೆ ಅಂಚು ಬೇಕಿತ್ತು. ಉಟ್ಟ ಬಟ್ಟೆ ಸೆರಗು ಬಿಚ್ಚಿ ಆ ನೂಲು ಹಾಕ್ದೆ. ಅದು ದೊರಗು. ಈಗ್ಲೂ ದೊರಗಿರ್ಬೇಕು."

ದೊರಗೇ ಇದೆ. ಎಂಟನೆಯದು ದೊರಗು ಅಂತ ಅವಳಿಗೆ ನಾನು ಹೇಳಿರಲಿಲ್ಲ.

ಆಗಸ್ಟ್ 14, ಬುಧವಾರ

ಅಲ್ಹಾಜಿಗೆ ಎಲ್ಲ ಹೇಳಿದೆ. ಎದುರಲ್ಲಿ ಹೊಸ ಜರ್ಸಿಗಳ ಗುಡ್ಡ.

"ನಮ್ಮಪ್ಪ ಬೇಡ ಅಂದಿದ್ರಾ?"

"ಹೌದು ಅಲ್ಹಾಜಿ."

"ಅಂದ್ರೆ ನಮ್ಮಪ್ಪ ಕ್ಲಬ್ಬಿನ ಶತ್ರು. ಅದನ್ನ ಹನ್ನೆರಡು ಸಾವಿರ ಜನದ ಮುಂದೆ ಕೂಗ್ತೀರಿ?"

"ಕೂಗಿದ್ದು ಸುಳ್ಳು ಅಂತ ಕೂಗ್ತೀನಿ."

"ಸುಳ್ಳು ಹುಟ್ಟಿಸಿದ್ದು ನೀವು ಬಾಬಾ. ನಾವ್ಯಾರೂ ಕೇಳಿರ್ಲಿಲ್ಲ!" ಒಂದು ಜರ್ಸಿ ಎತ್ತಿ ನನ್ನ ಮುಂದೆ ಒಗೆದರು. "ಹಳೇ ಕಥೇನೇ ಓದಿ. ಇಲ್ಲಾಂದ್ರೆ ಲಾಗೋಸ್‌ನಿಂದ ರೇಡಿಯೋದವನನ್ನ ಕರೆಸ್ತೀನಿ. ಮೈಕು ಅವನಿಗೆ."

ಮೈಕು ಬಿಟ್ಟರೆ ನಾನು ಯಾರು?

ಆಗಸ್ಟ್ 25, ಭಾನುವಾರ

ಹತ್ತು ದಿನ ಒಂದಕ್ಷರ ಬರೆದಿಲ್ಲ. ಹೂಂಕಾರವೂ ಇಲ್ಲ. ಕೋಳಿಗಳಿಗೆ ಆಶ್ಚರ್ಯ.

ಅಲ್ಹಾಜಿಯನ್ನು ಕಾಣುವ ಮೊದಲೇ ಎರಡು ಚರಿತ್ರೆ ಬರೆದಿಟ್ಟಿದ್ದೆ: ಹಳೆಯದು, ಇಯಾ ಹೇಳಿದ್ದು. ಹಳೆಯದನ್ನು ಓದಿಕೊಂಡೆ. ಪದಗಳೆಲ್ಲ ತಮ್ಮ ಜಾಗದಲ್ಲೇ ಇವೆ, ಚಪ್ಪಾಳೆಯ ಜಾಗಗಳೂ ಇವೆ. "ಏಳು ಮಗ್ಗ" ಅನ್ನುವಾಗ ಮಾತ್ರ ಹಿತ್ತಲಲ್ಲಿ ಲೋಟ ಹಿಡಿದು ಕೂತವಳು ಕಾಣುತ್ತಾಳೆ. ಹರಿದೆ.

ಆಗಸ್ಟ್ 27, ಮಂಗಳವಾರ

ಅಲ್ಹಾಜಿಗೆ ಚೀಟಿ ಕಳಿಸಿದೆ: ಹಳೆಯದು ಓದಲಾರೆ, ರೇಡಿಯೋದವನನ್ನು ಕರೆಸಿಕೊಳ್ಳಿ. ಸಹಿ ಹಾಕಿ ಶುಂಠಿಯ ಡಬ್ಬಿ ಮುಚ್ಚಿಟ್ಟೆ.

ಆಗಸ್ಟ್ 30, ಶುಕ್ರವಾರ. ಸಂಜೆ 6

ನಮಾಜು ಮುಗಿದು ಚಪ್ಪಲಿ ಮೆಟ್ಟುತ್ತಿದ್ದೆ. ಪಕ್ಕದಲ್ಲಿ ಅಲ್ಹಾಜಿ. ಕಂಕುಳಲ್ಲಿ ಸುತ್ತಿದ ಬಟ್ಟೆ.

"ನಡೀರಿ. ನಾನೇ ಕೇಳ್ಬೇಕು ಆಯಮ್ಮನ್ನ."

ಇಯಾಳ ಹಿತ್ತಲಿಗೆ ಹೋದೆವು. ಅಲ್ಹಾಜಿ ಬಟ್ಟೆಯನ್ನು ಅವಳ ಮಡಿಲಿಗಿಟ್ಟರು. ಏನೆಂದು ಹೇಳಲಿಲ್ಲ. ಬೆರಳುಗಳು ಅಂಚಿನಗುಂಟ ಹೊರಟವು, ನುಣುಪು, ನುಣುಪು... ತುದಿಗೆ ಬಂದು ನಿಂತವು.

"ನನ್ನ ಸೆರಗು" ಅಂದಳು. ಬಹಳ ಹೊತ್ತು ಕೈ ಎತ್ತಲಿಲ್ಲ.

ಅಲ್ಹಾಜಿ ಮೊಣಕಾಲೂರಿದರು. "ಇಯಾ, ನಾನು ಅರೊವೊಲೊ ಮಗ. ಅಪ್ಪಂಗೆ ನಿಮ್ಮ ಮೇಲೆ ತುಂಬಾ ಸಿಟ್ಟಿತ್ತಾ?"

"ನಿಮ್ಮಪ್ಪನಾ? ಬಂದಿದ್ರು ಇಲ್ಲಿಗೆ. ಓಯೋಗೆ ಹೊರಡೋ ಹಿಂದಿನ ದಿನ. ಈ ಗೇಟು ಆವತ್ತೂ ಹಿಂಗೇ ತೆರೆದಿತ್ತು. ನಾನು ಮಗ್ಗದ ಮುಂದೆ, ಬಟ್ಟೆ ಅರ್ಧ ಆಗಿತ್ತು. ಮುಗೀತು ನನ್ನ ಕಥೆ ಅಂದ್ಕೊಂಡೆ. ನೋಡಿದ್ರು. ನಿಂತ್ರು. ಆಮೇಲೆ ಗೇಟು ಎಳ್ಕೊಂಡ್ರು, ಹೊರಗಡೆಯಿಂದ ಚಿಲಕ ಹಾಕಿದ್ರು, ಹೋದ್ರು."

"ಕೂಡಿ ಹಾಕಿ ಹೋದ್ರಾ?" ಅಂದರು ಅಲ್ಹಾಜಿ.

"ಅಯ್ಯೋ ಪೆದ್ದೇ, ಬೀದೀಲಿ ಹೋಗೋರಿಗೆ ಕಾಣ್ಬಾರ್ದು ಅಂತ! ಕೂಟದಲ್ಲಿ ಒಂದು ಮಾತೂ ಆಡ್ಲಿಲ್ಲ. ಬೆಳಿಗ್ಗೆ ಬಂದು ಚಿಲಕ ತೆಗೆದ್ರು. ಬಾವುಟ ಹೊರಗೆ ಹೋಯ್ತು."

ಅಲ್ಹಾಜಿ ಗೇಟಿನ ಕಡೆ ತಿರುಗಿ ಕೂತರು. ತುಕ್ಕು ಹಿಡಿದ ಚಿಲಕ. ಅದನ್ನೇ ನೋಡಿದರು. ಮೂಗು ಒರೆಸಿಕೊಂಡರು.

"ಬಾಬಾ ಮುದಾಶಿರು, ರೇಡಿಯೋದವನಿಗೆ ಬರ್ಬೇಡ ಅಂದಿದೀನಿ. ಅಪ್ಪ ಬೇಡ ಅಂದದ್ದೂ ಹೇಳಿ. ಈ ಚಿಲಕಾನೂ ಹೇಳಿ. ಎರಡೂ."

"ಜರ್ಸೀಲಿ ಏಳೇ ಪಟ್ಟಿ ಇದೆ ಅಲ್ಹಾಜಿ."

"ಇರ್ಲಿ. ಜನ ಎಂಟನೇದು ಎಲ್ಲಿ ಅಂತ ಕೇಳ್ತಾರಲ್ಲ? ಹೇಳೋಕೆ ನೀವಿದೀರಿ."

ಇಯಾಳನ್ನು ನಾಳೆ ಕಾರಲ್ಲಿ ಕರೆದೊಯ್ಯುತ್ತೇವೆ ಅಂದರೆ ಒಪ್ಪಲಿಲ್ಲ. "ಇಲ್ಲಿಂದಲೇ ಕೇಳ್ತೀನಿ. ಆದ್ರೆ ತಪ್ಪು ಹೇಳಿದ್ರೆ ಇಲ್ಲಿಂದ ತಿದ್ದೋಕೆ ನನ್ನ ದನಿ ಅಲ್ಲಿಗೆ ಬರಲ್ಲ, ನೋಡು."

ಸರಿಯಾದ ಮಾತು. ಆಕೆಯ ತಮ್ಮನ ಹೆಸರು ಇನ್ನೂ ಕೇಳಿಲ್ಲ ನಾನು. ಬಟ್ಟೆ ಎಷ್ಟು ದಿನ ಹಿಡಿಯಿತು, ಮಗ್ಗ ಯಾವ ಗೋಡೆಗೆ ನಿಂತಿತ್ತು, ಬೆಳಿಗ್ಗೆ ಚಿಲಕ ತೆಗೆದಾಗ ಯಜಮಾನರು ಏನಂದರು?

ಪಂದ್ಯ ನಾಲ್ಕಕ್ಕೆ. ನಾಳೆ ಬೆಳಿಗ್ಗೆ ಎದ್ದವನೇ, ಶುಂಠಿಯಿಲ್ಲ, ಹೂಂಕಾರವಿಲ್ಲ, ಕಾಗದ ಹಿಡಿದು ಆ ಗೇಟು ತಳ್ಳಿ ಒಳಗೆ ಹೋಗುತ್ತೇನೆ. ಇಯಾಳ ಮುಂದೆ ನೆಲದ ಮೇಲೆ ಕೂತು ಮೊದಲಿನಿಂದ ಓದುತ್ತೇನೆ, ಮೆತ್ತಗೆ. ಅವಳು ಹೂಂ ಅಂದ ಮೇಲೆಯೇ ಮೈಕು.