ಬೂದೆಮ್ಮ ತೊಟ್ಟಿಗಿಳಿದ ಮಧ್ಯಾಹ್ನ

ಮಾನ್ವಿ, ಹತ್ತಿ ಮಿಲ್ಲಿನ ಬಂಗಲೆ,
೨೧-೧-೧೯೮೩

ಪ್ರೀತಿಯ ಯಮನೂರಪ್ಪಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಕೌದಿಯನ್ನು ಹೊದೆಯಬೇಡ, ಕೆಳಗೆ ಹಾಸಿಕೋ; ಜೇಲಿನ ಚಳಿ ನೆಲದಿಂದ ಏರುತ್ತದಂತೆ. ಗಂಡನ ಹೆಸರು ಹಿಡಿದು ಬರೆದೆನೆಂದು ನಿನ್ನ ಅವ್ವನಿಗೆ ಹೇಳಬೇಡ. ನಿನಗಿಂತ ಮೊದಲು ಈ ಕಾಗದ ಓದುವ ಜೇಲಿನ ಸಾಹೇಬರಿಗೂ ನಮಸ್ಕಾರ. ಅವರ ಮನೆಯ ನಲ್ಲಿಯಲ್ಲಿ ದಿನವೂ ನೀರು ಬರಲಿ.

ನಿನ್ನ ಪತ್ರ ಓದಿದೆ. ಮಸರಕಲ್ಲಿನ ನಮ್ಮ ಕೇರಿಗೆ ನಲ್ಲಿ ಬೇಕೆಂದು ದೇವದುರ್ಗದ ರಸ್ತೆಯಲ್ಲಿ ಕುಳಿತು ಜೇಲು ಸೇರಿದ ನೀವೆಲ್ಲ, ಇನ್ನು ಕೂರುವುದಿಲ್ಲ ಎಂದು ಮುಚ್ಚಳಿಕೆಗೆ ಸಹಿ ಹಾಕಿದರೆ ಬಿಡುತ್ತಾರೆಂದು ಬರೆದಿದ್ದೀ. ಬಂಗಲೆಯ ತೊಟ್ಟಿಗೆ ನೀರು ಕಾಯಿಸುವ ಕರೆಂಟಿನ ಕಾಯಿಲ್ ಸುಟ್ಟುಹೋಗಿರುವ ಸುದ್ದಿ ನಿನಗೂ ಮುಟ್ಟಿದೆ. ಮುಂಬಯಿಯ ಹತ್ತಿ ವ್ಯಾಪಾರಿಗಳು ಬರುವುದರೊಳಗೆ ನೀನು ಬಂದು ಹೊಸದು ಹಾಕದಿದ್ದರೆ ಬಂಗಲೆಯ ಕೆಲಸವೂ ಹೋಗಿ ಮಿಲ್ಲಿನವರು ಕೊಟ್ಟ ಖೋಲಿಯೂ ಹೋಗುತ್ತದೆ, ಅವ್ವನನ್ನು ಕಟ್ಟಿಕೊಂಡು ಎಲ್ಲಿ ಮಲಗುತ್ತೀ ಎಂದು ಕೇಳಿದ್ದೀ. ಮಿಲ್ಲಿನ ಮ್ಯಾನೇಜರನೂ ಅಂಗಳದಲ್ಲಿ ನಿಂತು ಅವ್ವನನ್ನು ಅದನ್ನೇ ಕೇಳಿದ. "ಕೆಲಸ ಮಾಡವನ ಇಲ್ಲಂದ್ರ ಖೋಲಿ ಯಾಕಬೇ ಬೂದೆಮ್ಮ?" ಎಂದ. ಸಹಿಯ ಮಾತು ಆಮೇಲೆ. ಮೊದಲು ಕಾಯಿಲ್ಲಿನ ಕಥೆ ಕೇಳು.

ನೀನು ರಿಪೇರಿ ಮಾಡುವಾಗ ಬ್ಯಾಟರಿ ಹಿಡಿದು ನಿಲ್ಲುತ್ತಿದ್ದವಳು ನಾನು. ಬೆಳಕು ಹಿಡಿದವರಿಗೆ ಕೆಲಸವೂ ಕಾಣುತ್ತದೆ. ಮೊದಲು ಮೇನಿನ ಫ್ಯೂಜ್ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೆ, ಯಾವನೂ ಬಂದು ಸಿಕ್ಕಿಸಬಾರದೆಂದು. ಟೆಸ್ಟರ್ ಇಟ್ಟೆ, ದೀಪ ಹತ್ತಲಿಲ್ಲ. ಆದರೂ ವಾಯರ್ ಮುಟ್ಟುವ ಮೊದಲು ಇನ್ನೊಮ್ಮೆ ಇಟ್ಟು ನೋಡಿದೆ. ತೊಟ್ಟಿಯ ಮಗ್ಗುಲಿಗೆ ಕಾಯಿಲ್ ಕೂರಿಸಿದ ಡ್ರಮ್ಮನ್ನು ಬಸಿದು ಬೋಲ್ಟುಗಳಿಗೆ ಕೈ ಹಚ್ಚಿದರೆ, ಬೋರಿನ ನೀರಿನ ಸುಣ್ಣ ಕಟ್ಟಿ ಕಲ್ಲಾಗಿವೆ. ಹುಣಸೆಹಣ್ಣು ಕಿವುಚಿ ಮೆತ್ತಿ, ರೊಟ್ಟಿ ತಿಂದು ಬಂದೆ. ಆಗ ಸ್ಪ್ಯಾನರಿನ ಮಾತು ಕೇಳಿದವು. ಹೊರಗೆ ಬಂದ ಕಾಯಿಲ್ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಂತಿತ್ತು, ನಡುವೆ ಸೀಳಿತ್ತು. ಡ್ರಮ್ಮು ಖಾಲಿ ಇದ್ದಾಗಲೇ ಯಾರೋ ಅತಿಥಿ ಸ್ವಿಚ್ ಒತ್ತಿರಬೇಕು. ಕೊಡ ಹೊರದವರಿಗೆ ಖಾಲಿ ಯಾವುದು, ತುಂಬಿದ್ದು ಯಾವುದು, ಹೇಗೆ ಗೊತ್ತಾಗಬೇಕು?

ಅದನ್ನೇ ಸಂಚಿಯಲ್ಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಅಂಗಡಿಯವನು "ಗಂಡನ್ನ ಕಳಸಮ್ಮ, ಇದು ಹೆಂಗಸ್ರ ಕೆಲಸಲ್ಲ" ಎಂದ. "ಅಂವ ನಿಮ್ಮ ಊರಾಗ ಅದಾನ್ರಿ, ಜೇಲಿನ್ಯಾಗ. ನೀವ ಹೋಗಿ ಕರಕೊಂಡು ಬರ್ರಿ" ಎಂದೆ. ಹಳೆಯದರ ಅಳತೆ ಹಿಡಿದು ಹೊಸದು ಕೊಟ್ಟ. ಅಂದು ಭೇಟಿಯ ದಿನವಲ್ಲ. ಸುಮ್ಮನೆ ಜೇಲಿನ ಗೋಡೆಯ ಹೊರಗೆ ನಿಂತೆ. ಒಳಗಿನ ಬೇವಿನ ಟೊಂಗೆಯೊಂದು ಗೋಡೆ ದಾಟಿ ಹೊರಗೆ ಬಾಗಿತ್ತು, ಯಾರನ್ನೂ ಕೇಳದೆ. ಒಂದು ಎಲೆ ತಿರುಗುತ್ತ ತಿರುಗುತ್ತ ಇಳಿದು ನನ್ನ ಸಂಚಿಗೇ ಬಿತ್ತು. ನೀನೇ ಕಳಿಸಿದೆ ಅಂದುಕೊಂಡೆ. ಹಾಗೆ ಅಂದುಕೊಳ್ಳಲಿಕ್ಕೂ ಮುಚ್ಚಳಿಕೆ ಬರೆಯಬೇಕೇನು?

ಸೈಕಲ್ ಅಂಗಡಿಯ ಗುಲಾಮ್ ದಸ್ತಗೀರಣ್ಣ ಲಾರಿ ಟ್ಯೂಬು ಕತ್ತರಿಸಿ ವಾಷರ್ ಮಾಡಿಕೊಟ್ಟ. ಹೊಸ ಕಾಯಿಲ್ ಕೂರಿಸಿ ನೀರು ಬಿಟ್ಟರೆ ಒಂದು ಬದಿ ತೊಟ್ಟಿಕ್ಕತೊಡಗಿತು. ಕಣ್ಣು ತುಂಬಿ ಬಂತು. ಆಗ ನಿನ್ನ ಬೈಗುಳ ಕೇಳಿಸಿತು ನೋಡು: "ಒಂದ ಕಡಿ ಬಿಗಿಬ್ಯಾಡಲೇ, ಎದುರುಬದುರು ಬಿಗಿ, ಗಾಡಿ ಗಾಲಿ ಹಂಗ." ಎಲ್ಲ ಸಡಿಲಿಸಿ ಎದುರುಬದುರು ಬಿಗಿದೆ. ಸೋರಿಕೆ ನಿಂತಿತು. ನೆಲಕ್ಕೆ ಹೋಗುವ ಅರ್ಥಿಂಗ್ ವಾಯರ್ ಕಟ್ಟುವುದನ್ನೂ ಮರೆಯಲಿಲ್ಲ. ಡ್ರಮ್ಮು ತುಂಬಿ ತುಳುಕಿದ ಮೇಲೆಯೇ ಸೆರಗಿನ ಗಂಟು ಬಿಚ್ಚಿ ಫ್ಯೂಜ್ ಹಾಕಿದೆ. ಒಳಗೆ ಮೊದಲು ಗುಂಯ್ ಎಂಬ ಸದ್ದು, ಜೇನು ಏಳುವ ಹಾಗೆ. ಆಮೇಲೆ ಕೊಳವೆಯಿಂದ ಹಬೆ, ಅದರ ಹಿಂದೆಯೇ ತೊಟ್ಟಿಗೆ ಬಿಸಿನೀರು.

ನೀರು ಹದವಾಯಿತೇ ಎಂದು ಯಾರಾದರೂ ಇಳಿದು ನೋಡಬೇಕಲ್ಲ. ಫ್ಯೂಜ್ ಮತ್ತೆ ಕಿತ್ತು ಸೆರಗಿಗೆ ಕಟ್ಟಿ, ಅವ್ವನನ್ನು ಕರೆದೆ. ಕರೆಂಟು ಬರುವ ಮೊದಲು ಹತ್ತಿಕಟ್ಟಿಗೆಯ ಬೆಂಕಿಯಲ್ಲಿ ಕಾಯಿಸಿ, ತಲೆಯ ಮೇಲೆ ಹೊತ್ತು, ಈ ತೊಟ್ಟಿ ತುಂಬಿಸುತ್ತಿದ್ದವಳು ಅವಳು. ಒಳಗೆ ಬೆರಳು ಅದ್ದಿದವಳಲ್ಲ. "ನನಗ್ಯಾಕ ಬೇ ಸಾಹೇಬ್ರ ನೀರು?" ಎಂದಳು. "ಸಾಹೇಬ್ರ ನೀರಲ್ಲ ಅತ್ತಿ, ಬೋರಿನ ನೀರು" ಎಂದೆ. ಹಿಡಿದು ಇಳಿಸಿದೆ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಸೀರೆ ಗಾಳಿ ತುಂಬಿ ಕಮಲದಂತೆ ಮೇಲೆದ್ದಿತು. ಕಿಟಕಿಯ ಬಿಸಿಲು ಹಬೆಯಲ್ಲಿ ಕರಗಿ, ಗೋಡೆ ಯಾವುದು ನೀರು ಯಾವುದು ತಿಳಿಯದಾಯಿತು. ಮಿಲ್ಲಿನಲ್ಲಿ ಹಿಂಜಿದ ಹತ್ತಿಯ ಎಳೆಯೊಂದು ಕಿಟಕಿಯಿಂದ ತೇಲಿ ಬಂದು ಅವಳ ಬಿಳಿ ಕೂದಲ ಮೇಲೆ ಕೂತಿತು. ಅವ್ವ ಕಣ್ಣು ಮುಚ್ಚಿದಳು. ಕಾಲುಗಳು ತಾವಾಗಿಯೇ ಮೇಲೆ ಬಂದವು. ನಿದ್ದೆಯಲ್ಲಿ ಮಾತಾಡಿದ ಹಾಗೆ ಅಂದಳು: "ಇಷ್ಟ ದಿನ ನಾ ನೀರು ಹೊತ್ತೆ. ಇವತ್ತು ನೀರು ನನ್ನ ಹೊತ್ಕೊಂಡದ."

ನಾನು ಅಂಚಿನಲ್ಲಿ ಕುಳಿತು ಅವಳ ಬೆನ್ನು ತಿಕ್ಕಿದೆ. ಬೆನ್ನಿನ ಮೇಲೆ ಬಿಸಿನೀರಿನ ಕೊಡ ಉರುಳಿದ ಹಳೆಯ ಗಾಯವಿದೆ, ನಿನಗೆ ಗೊತ್ತಿತ್ತೋ ಇಲ್ಲವೋ.

ಅವಳನ್ನು ಖೋಲಿಗೆ ಕಳಿಸಿ ಸೀರೆ ಹಿಂಡುತ್ತಿದ್ದೆ, ಮ್ಯಾನೇಜರ್ ಬಂದ. ತೊಟ್ಟಿಯಲ್ಲಿ ಅದೇ ನೀರು. ಮೊಣಕೈವರೆಗೆ ಕೈ ಅದ್ದಿ, "ಭೇಷ್, ಯಾವ ಮಿಸ್ತ್ರಿ ಬಂದಿದ್ದ?" ಎಂದ. "ಮನ್ಯಾಗಿನ ಮಿಸ್ತ್ರಿರೀ, ನಾನ" ಎಂದೆ. ನನ್ನನ್ನು ನೋಡಿದ, ಸ್ಪ್ಯಾನರ್ ನೋಡಿದ. "ಹಂಗಾರ ಖೋಲಿ ಇರ್ಲಿ. ಅಂವ ಬರತನ ನೀನ ನೋಡ್ಕೋ" ಎಂದು ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡು ಹೋದ. ನಮ್ಮ ಕೇರಿಯ ಅವ್ವ ಕೂತೆದ್ದ ನೀರು ಅವನ ಮುಖವನ್ನು ಸುಡಲಿಲ್ಲ.

ಒಳಗಿರುವ ನಮ್ಮವರಿಗೆಲ್ಲ ನನ್ನ ಶರಣು ಮುಟ್ಟಿಸು. ದಸ್ತಗೀರಣ್ಣ ಸಲಾಂ ಹೇಳಿದ್ದಾನೆ. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಳೆಂದು ತಿಳಿ. ಅವಳ ಕೈ ಇನ್ನೂ ಬೆಚ್ಚಗಿದೆ.

ನಿನ್ನ
ಬಾಲಮ್ಮ

ತಾ.ಕ.: ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು, ಓಡಬೇಕು. ಸಹಿ ಮಾಡಬೇಡ. ಇಷ್ಟುದ್ದ ಬರೆದದ್ದು ಇದೊಂದು ಮಾತಿಗೆ. ಸ್ಪ್ಯಾನರ್ ನನ್ನ ಹತ್ತಿರವೇ ಇರಲಿ. ನಮ್ಮ ಕೇರಿಗೆ ನಲ್ಲಿ ಕೂರಿಸುವ ದಿನ ತರುತ್ತೇನೆ.